ಆಫ್ ಮಾಡಿ ಆನ್ ಮಾಡುವವರ ಶ್ರದ್ಧೆ

2024ರ ಜುಲೈ 19, ಶುಕ್ರವಾರ. ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಒಂದು ಸಣ್ಣ ಫೈಲ್ ಕಳಿಸಿತು. ಸ್ವಲ್ಪ ಹೊತ್ತಿನಲ್ಲೇ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ ಅಂಥವು 85 ಲಕ್ಷ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಆ ದಿನ ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ಕೊಟ್ಟ ಸಲಹೆ ಅನೇಕರನ್ನು ಚಕಿತಗೊಳಿಸಿತು: ರೀಸ್ಟಾರ್ಟ್ ಮಾಡಿ, ಆಗದಿದ್ದರೆ ಮತ್ತೆ ಮಾಡಿ, 15 ಸಲದವರೆಗೂ ಮಾಡಬೇಕಾಗಿ ಬರಬಹುದು.

ದೂರದಿಂದ ನೋಡಿದವರಿಗೆ ಇದು ದೇವರಿಗೆ ಹೇಳಿಕೊಂಡ ಪ್ರದಕ್ಷಿಣೆಯ ಹರಕೆಯಂತೆ ಕಂಡಿದ್ದರೆ ತಪ್ಪಲ್ಲ. ಆದರೆ ಆ ಸಲಹೆಗೆ ಕಾರಣವಿತ್ತು. ತಪ್ಪು ಗೊತ್ತಾದ ಕೂಡಲೇ, ಅಂದರೆ 10 ಗಂಟೆ 57 ನಿಮಿಷಕ್ಕೆ, ಕ್ರೌಡ್‌ಸ್ಟ್ರೈಕ್ ಆ ಫೈಲನ್ನು ಹಿಂದಕ್ಕೆ ಪಡೆದು ಸರಿಯಾದುದನ್ನು ಇಟ್ಟಿತ್ತು. ಕಂಪ್ಯೂಟರ್ ಆನ್ ಆಗುವುದಕ್ಕೂ ಮತ್ತೆ ಕುಸಿಯುವುದಕ್ಕೂ ನಡುವೆ ಕೆಲವು ಕ್ಷಣಗಳಿದ್ದವು. ಅಷ್ಟರೊಳಗೆ ನೆಟ್‌ವರ್ಕ್ ಸಿಕ್ಕಿ ಹೊಸ ಫೈಲ್ ಇಳಿದರೆ ಯಂತ್ರ ಬದುಕಿತು, ಇಲ್ಲವಾದರೆ ಮತ್ತೆ ನೀಲಿ ಪರದೆ. ಹೆಚ್ಚು ಸಲ ಪ್ರಯತ್ನಿಸಿದಷ್ಟೂ ಗೆಲ್ಲುವ ಅವಕಾಶ ಹೆಚ್ಚುತ್ತಿತ್ತು. ಮೂಲ ತಪ್ಪಂತೂ ಒಂದು ಎಣಿಕೆಯದು. ಹೊಸ ಫೈಲ್ 21 ಅಂಶಗಳನ್ನು ಕೇಳುತ್ತಿತ್ತು, ಕಂಪ್ಯೂಟರ್‌ನಲ್ಲಿ ಮೊದಲೇ ಇದ್ದ ಪ್ರೋಗ್ರಾಮ್ ಒದಗಿಸುತ್ತಿದ್ದುದು 20.

ಅಂದು ಒಂದೇ ಕೋಣೆಯಲ್ಲಿ ಇಬ್ಬರು ರೀಸ್ಟಾರ್ಟ್ ಒತ್ತುತ್ತಾ ಕೂತಿದ್ದರು ಎಂದುಕೊಳ್ಳೋಣ. ಒಬ್ಬರಿಗೆ ಮೇಲಿನದೆಲ್ಲ ಗೊತ್ತಿತ್ತು. ಇನ್ನೊಬ್ಬರಿಗೆ ಏನೂ ಗೊತ್ತಿರಲಿಲ್ಲ, ಹೇಳಿದ್ದನ್ನು ಮಾಡುತ್ತಿದ್ದರು. ಇಬ್ಬರ ಯಂತ್ರವೂ ಆನ್ ಆಯಿತು. ಇಬ್ಬರೂ ಮಾಡಿದ್ದು ಒಂದೇ, ಇಬ್ಬರಿಗೂ ಸಿಕ್ಕ ಫಲವೂ ಒಂದೇ. ಹಾಗಿದ್ದರೆ ಮೊದಲನೆಯವರ ಬಳಿ ಹೆಚ್ಚಿಗೆ ಇದ್ದುದೇನು?

ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಭಾರತದ ದಾರ್ಶನಿಕರು ಈ ಪ್ರಶ್ನೆಯ ಮೇಲೆ ಜಗಳವಾಡಿದ್ದಾರೆ. ನ್ಯಾಯದರ್ಶನದವರ ಪ್ರಕಾರ ಜ್ಞಾನ ಸರಿಯೋ ತಪ್ಪೋ ಎಂಬುದನ್ನು ಅದರ ಹೊರಗಿನ ಪರೀಕ್ಷೆ ನಿರ್ಧರಿಸಬೇಕು. ನೀರೆಂದು ತಿಳಿದು ಹೋದವನ ಬಾಯಾರಿಕೆ ತೀರಿದರೆ ಅವನ ಜ್ಞಾನ ಸರಿ. ಹಾಗಾದರೆ ಯಂತ್ರ ಸರಿಹೋದದ್ದೇ ಸಾಕ್ಷಿಯಾಯಿತಲ್ಲ ಎನ್ನಬಹುದು. ಆದರೆ 12ನೇ ಶತಮಾನದ ಶ್ರೀಹರ್ಷ ತನ್ನ ಖಂಡನಖಂಡಖಾದ್ಯದಲ್ಲಿ ಇಂಥ ಮಾತಿಗೆ ತೊಡಕು ಹಾಕಿದ. ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆಯಿವೆ ಎಂದು ಕೇಳಿದಾಗ ಒಬ್ಬ ಸುಮ್ಮನೆ ‘ಐದು’ ಎನ್ನುತ್ತಾನೆ. ಮುಷ್ಟಿ ಬಿಚ್ಚಿದರೆ ಐದೇ ಇವೆ. ಅವನು ಹೇಳಿದ್ದು ನಿಜ, ಆದರೆ ಅವನಿಗೆ ಗೊತ್ತಿತ್ತು ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ದಿನವೂ ಆಫೀಸು, ಬ್ಯಾಂಕು, ಶಾಲೆಗಳಲ್ಲಿ ನಡೆಯುವ ಕಂಪ್ಯೂಟರ್ ರಿಪೇರಿಯ ಬಹುಪಾಲು ಈ ಕವಡೆ ಆಟದ ಜಾತಿಯದೇ. ವೈರು ಅಲ್ಲಾಡಿಸಿದರು, ಸರಿಹೋಯಿತು. ಅಲ್ಲಾಡಿಸಿದ್ದರಿಂದಲೇ ಸರಿಹೋಯಿತೆ? ಕೇಳುವವರಿಲ್ಲ.

ಅಮೆರಿಕದ ಎಂಐಟಿಯ ಕಂಪ್ಯೂಟರ್ ವಲಯದಲ್ಲಿ ಇದೇ ಪ್ರಶ್ನೆಯ ಒಂದು ಕಥೆ ಓಡಾಡುತ್ತದೆ, ಝೆನ್ ಗುರುಗಳ ಕಥೆಗಳ ಧಾಟಿಯಲ್ಲಿ ಕಟ್ಟಿದ್ದು. ಲಿಸ್ಪ್ ಎಂಬ ಕಂಪ್ಯೂಟರ್‌ಗಳನ್ನು ರೂಪಿಸಿದವರಲ್ಲಿ ಒಬ್ಬರಾದ ಟಾಮ್ ನೈಟ್ ಅದರ ಗುರು. ಕೆಟ್ಟ ಯಂತ್ರವನ್ನು ಒಬ್ಬ ಹೊಸಬ ಆಫ್ ಮಾಡಿ ಆನ್ ಮಾಡುತ್ತಿರುತ್ತಾನೆ. ಏನು ಕೆಟ್ಟಿದೆ ಎಂದು ತಿಳಿಯದೆ ಬರೀ ಆಫ್ ಆನ್ ಮಾಡಿದರೆ ಸರಿಹೋಗದು ಎಂದು ನೈಟ್ ಗದರುತ್ತಾರೆ. ಆಮೇಲೆ ತಾವೇ ಆಫ್ ಮಾಡಿ ಆನ್ ಮಾಡುತ್ತಾರೆ. ಯಂತ್ರ ಓಡುತ್ತದೆ. ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ. ಆದರೆ ಕಥೆಯಲ್ಲಿ ನಗೆಗಿಂತ ಹೆಚ್ಚಿನದೇನೋ ಇದೆ. ಆ ಹೊಸಬನಿಗೆ ನಾಳೆ ಯಂತ್ರ ಮತ್ತೆ ನಿಂತರೆ ಮಾಡಲು ಬೇರೇನೂ ತೋಚುವುದಿಲ್ಲ. ನೈಟ್ ಅವರಿಗೆ ತೋಚುತ್ತದೆ.

ಎಷ್ಟೋ ಸಲ ವ್ಯತ್ಯಾಸ ಅಷ್ಟಕ್ಕೇ ನಿಲ್ಲುವುದಿಲ್ಲ. 1991ರ ಫೆಬ್ರುವರಿ 25ರ ರಾತ್ರಿ, ಕೊಲ್ಲಿ ಯುದ್ಧದ ಕಾಲ. ಸೌದಿ ಅರೇಬಿಯದ ಧಹ್ರಾನ್‌ನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಇರಾಕಿನ ಸ್ಕಡ್ ಕ್ಷಿಪಣಿ ಬಡಿದು 28 ಮಂದಿ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ 100 ಗಂಟೆಗೂ ಹೆಚ್ಚು ಕಾಲ ಒಂದೇ ಸಮನೆ ಓಡುತ್ತಿತ್ತು. ಅದರ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಸೊನ್ನೆ ಒಂದುಗಳ ಲೆಕ್ಕದಲ್ಲಿ ಹತ್ತನೇ ಒಂದು ಎಂಬುದು ಎಂದೂ ಮುಗಿಯದ ಸಾಲು, ಅದನ್ನು 24 ಬಿಟ್‌ಗೆ ಕತ್ತರಿಸಿ ಇಟ್ಟಿದ್ದರು. ಕತ್ತರಿಸಿದಾಗ ಬಿಟ್ಟುಹೋದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಗಂಟೆಗಂಟೆಗೂ ಸೇರುತ್ತ 100 ಗಂಟೆಗೆ ಸುಮಾರು 0.34 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹಾರುತ್ತದೆ. ಪೇಟ್ರಿಯಟ್ ಆಕಾಶದಲ್ಲಿ ಬೇರೆ ಕಡೆ ನೋಡುತ್ತಿತ್ತು.

ರೀಸ್ಟಾರ್ಟ್ ಮಾಡಿದ್ದರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಎರಡು ವಾರ ಮುಂಚೆಯೇ, ಅದೇ ವ್ಯವಸ್ಥೆಯನ್ನು ಬಳಸುತ್ತಿದ್ದ ಇಸ್ರೇಲಿನವರು 8 ಗಂಟೆ ಓಡಿದರೂ ಗುರಿ ಸರಿಯುವುದನ್ನು ಕಂಡು ತಿಳಿಸಿದ್ದರು. ಬಹಳ ಹೊತ್ತು ಓಡಿಸಿದರೆ ತೊಂದರೆ ಎಂಬ ಸೂಚನೆ ಪಡೆಗಳಿಗೆ ಹೋಗಿತ್ತು. ಬಹಳ ಹೊತ್ತು ಎಂದರೆ ಎಷ್ಟು ಹೊತ್ತು ಎಂಬುದು ಅದರಲ್ಲಿ ಇರಲಿಲ್ಲ. ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಮರುದಿನ, 26ಕ್ಕೆ. ಆಚರಣೆಯೊಂದು ಅದರ ಕಾರಣವನ್ನು ಬಿಟ್ಟು ಒಬ್ಬರಿಂದ ಒಬ್ಬರಿಗೆ ದಾಟಿದಾಗ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ಸಿಗುವುದು ಕಷ್ಟ.

ಹಾಗಾದರೆ ಕಾರಣ ಹುಡುಕುವುದು ಎಲ್ಲಿಂದ ಶುರು? ಗೌತಮನ ನ್ಯಾಯಸೂತ್ರ ಹದಿನಾರು ವಿಷಯಗಳನ್ನು ಪಟ್ಟಿ ಮಾಡಿ, ಇವುಗಳ ತತ್ತ್ವಜ್ಞಾನದಿಂದ ಪರಮಶ್ರೇಯಸ್ಸು ಸಿಗುತ್ತದೆ ಎಂದು ಆರಂಭವಾಗುತ್ತದೆ. ಆ ಪಟ್ಟಿಯಲ್ಲಿ ಸಂಶಯ ಮೂರನೆಯದು, ನಿರ್ಣಯ ಒಂಬತ್ತನೆಯದು. ಮೋಕ್ಷಕ್ಕೆ ದಾರಿ ಹೇಳಲು ಹೊರಟ ಗ್ರಂಥ ಸಂಶಯವನ್ನು ಪಾಪದ ಪಟ್ಟಿಗೆ ಹಾಕದೆ ಸಾಧನದ ಪಟ್ಟಿಗೆ ಹಾಕಿರುವುದು ದೊಡ್ಡ ಸಂಗತಿ. ಭಾಷ್ಯಕಾರ ವಾತ್ಸ್ಯಾಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಿಚಾರ ಎಲ್ಲಿ ನಡೆಯುತ್ತದೆ ಎಂದು ಗೆರೆ ಎಳೆದ: ಪೂರ್ತಿ ಗೊತ್ತಿಲ್ಲದ ವಸ್ತುವಿನ ಮೇಲೂ ನಡೆಯದು, ಪೂರ್ತಿ ತೀರ್ಮಾನವಾದದ್ದರ ಮೇಲೂ ನಡೆಯದು, ಸಂಶಯ ಹುಟ್ಟಿದ ವಸ್ತುವಿನ ಮೇಲೆ ಮಾತ್ರ ನಡೆಯುತ್ತದೆ. ‘ನನಗೆ ಕಂಪ್ಯೂಟರ್ ಏನೂ ಗೊತ್ತಾಗಲ್ಲಪ್ಪ’ ಎಂದು ಕೈಚೆಲ್ಲುವವರೂ ‘ಇದು ವೈರಸ್ಸೇ’ ಎಂದು ನೋಡುವ ಮೊದಲೇ ತೀರ್ಪು ಕೊಡುವವರೂ ಈ ಗೆರೆಯ ಎರಡು ಬದಿಗೆ ನಿಂತವರು. ಇಬ್ಬರ ಮುಂದೆಯೂ ವಿಚಾರ ಹೆಜ್ಜೆ ಇಡುವುದಿಲ್ಲ.

ಸಂಶಯ ಕೆಲಸ ಮಾಡುವ ಪರಿಯನ್ನು ನೋಡಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ರಿಪೇರಿ ಅಂಗಡಿಯ ಮೇಜಿನ ಬಳಿ ನಿಲ್ಲಬಹುದು. ಡಿಸ್‌ಪ್ಲೇ ಬರುತ್ತಿಲ್ಲ, ಆನ್ ಮಾಡಿದರೆ ಬರೀ ಬೀಪ್ ಶಬ್ದ ಎಂಬ ದೂರಿನೊಂದಿಗೆ ಒಂದು ಸಿಪಿಯು ಬಂದಿರುತ್ತದೆ. ರಿಪೇರಿ ಮಾಡುವ ಹುಡುಗ ಪಕ್ಕದ ತಗಡು ಬಿಚ್ಚುತ್ತಾನೆ, ಬ್ಲೋವರ್ ಹಿಡಿದು ಧೂಳು ಊದುತ್ತಾನೆ, ಎರಡು ರ‍್ಯಾಮ್ ಪಟ್ಟಿಗಳನ್ನು ಕಿತ್ತು ಅವುಗಳ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜುತ್ತಾನೆ. ತೇವ, ಧೂಳುಗಳಿಂದ ಕೂತ ತೆಳು ಪದರ ಹೋದರೆ ಸಂಪರ್ಕ ಮತ್ತೆ ಕೂಡುತ್ತದೆ. ಹಲವು ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಅಸಲು ಕೆಲಸ ಶುರು. ಒಂದು ಪಟ್ಟಿಯನ್ನು ಮಾತ್ರ ಹಾಕಿ ಆನ್ ಮಾಡುತ್ತಾನೆ. ಅದನ್ನು ತೆಗೆದು ಅದೇ ಸ್ಲಾಟಿಗೆ ಇನ್ನೊಂದನ್ನು ಹಾಕುತ್ತಾನೆ. ಆಮೇಲೆ ಸ್ಲಾಟ್ ಬದಲಿಸುತ್ತಾನೆ. ತೊಂದರೆ ಪಟ್ಟಿಯ ಜೊತೆಗೆ ಓಡಾಡಿದರೆ ಪಟ್ಟಿ ಕೆಟ್ಟಿದೆ. ಯಾವ ಪಟ್ಟಿ ಹಾಕಿದರೂ ಒಂದೇ ಸ್ಲಾಟಿನಲ್ಲಿ ತೊಂದರೆ ಉಳಿದರೆ ಸ್ಲಾಟ್ ಕೆಟ್ಟಿದೆ.

ಅದು ಇದ್ದಾಗ ಇದೂ ಇರುತ್ತದೆ, ಅದು ಇಲ್ಲದಾಗ ಇದೂ ಇರುವುದಿಲ್ಲ. ಪಂಡಿತರು ಇದಕ್ಕೆ ಅನ್ವಯ-ವ್ಯತಿರೇಕ ಎಂದು ಹೆಸರಿಟ್ಟು ಶತಮಾನಗಳ ಕಾಲ ಚರ್ಚಿಸಿದರು. ಆ ಹುಡುಗ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಕ್ರಮವನ್ನು ಒಂದಿಷ್ಟೂ ತಪ್ಪಿಸುವುದಿಲ್ಲ. ಒಂದೇ ಸಲಕ್ಕೆ ಎರಡು ವಸ್ತು ಬದಲಿಸುವುದಿಲ್ಲ, ಏಕೆಂದರೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಕೈತಪ್ಪುತ್ತದೆ. ತರ್ಕಶಾಸ್ತ್ರ ಪಾಠಶಾಲೆಗಳಲ್ಲಿ ಮಾತ್ರ ಉಳಿದಿದೆ ಎಂದು ಕೊರಗುವವರು ಈ ಮೇಜನ್ನು ಒಮ್ಮೆ ನೋಡಬೇಕು.

ಸಂಶಯಕ್ಕೆ ಇನ್ನೊಂದು ಗುಣವೂ ಬೇಕು, ಅದು ತನ್ನಿಂದಲೇ ಆರಂಭವಾಗಬೇಕು. ವರ್ಜೀನಿಯದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದರು. 1994ರ ಜೂನ್‌ನಲ್ಲಿ ಅವರ ಲೆಕ್ಕದಲ್ಲಿ ಒಂದು ಹೊಂದಿಕೆಯಾಗದ ಉತ್ತರ ಕಾಣಿಸಿತು. ಅವರು ಮೊದಲು ತಮ್ಮ ಪ್ರೋಗ್ರಾಮನ್ನೇ ಸಂಶಯಿಸಿದರು. ಆಮೇಲೆ ಕಂಪೈಲರ್, ಆಮೇಲೆ ಯಂತ್ರದ ಉಳಿದ ಭಾಗಗಳು. ತಿಂಗಳುಗಟ್ಟಲೆ ಒಂದೊಂದನ್ನೇ ಬದಿಗೆ ಸರಿಸಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಉಳಿದದ್ದು ಯಾರೂ ಸಂಶಯಿಸದ ವಸ್ತು: ಇಂಟೆಲ್‌ನ ಹೊಸ ಪೆಂಟಿಯಂ ಚಿಪ್. ಭಾಗಾಕಾರಕ್ಕೆ ಬಳಸುವ ಒಂದು ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಬಿದ್ದಿದ್ದವು. ಸಾಮಾನ್ಯ ಬಳಕೆದಾರರಿಗೆ ಈ ತಪ್ಪು 27,000 ವರ್ಷಕ್ಕೊಮ್ಮೆ ಎದುರಾದೀತು ಎಂದು ಕಂಪನಿ ಹೇಳಿತು. ತಿಳಿದವರ ಮಾತು, ನಂಬಬೇಕಾದ ಮಾತು. ಆಪ್ತರ ಮಾತೂ ಪ್ರಮಾಣವೇ ಎಂದು ನ್ಯಾಯದರ್ಶನವೂ ಒಪ್ಪುತ್ತದೆ. ಆದರೆ ಯಾರು ಬೇಕಾದರೂ ತಮ್ಮ ಮೇಜಿನ ಮೇಲೆ ಒಂದು ಭಾಗಾಕಾರ ಮಾಡಿ ತಪ್ಪನ್ನು ಕಣ್ಣಾರೆ ಕಾಣಬಹುದಾಗಿತ್ತು. ಆ ಪ್ರತ್ಯಕ್ಷದ ಮುಂದೆ ಮಾತು ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಕಂಪನಿ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿತು. ಅದಕ್ಕೆ ಬರೆದುಕೊಂಡ ಖರ್ಚು 47.5 ಕೋಟಿ ಡಾಲರ್.

ಇಷ್ಟರವರೆಗಿನ ಉದಾಹರಣೆಗಳಲ್ಲಿ ಕಾರಣ ಸಿಕ್ಕಿತು. ಸಿಗದಿದ್ದಾಗ? ರಿಪೇರಿಯವರ ಸಹನೆಯನ್ನು ನಿಜವಾಗಿ ಪರೀಕ್ಷಿಸುವುದು ಬಂದು ಹೋಗುವ ತೊಂದರೆ. ಅಂಗಡಿಗೆ ತಂದರೆ ಸರಿಯಾಗಿ ಓಡುತ್ತದೆ, ಮನೆಗೆ ಹೋದರೆ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ‘ಅದಕ್ಕೆ ಇಷ್ಟ ಬಂದಾಗ ಓಡತ್ತೆ’ ಎಂಬ ಮಾತು ಸಹಜವಾಗಿ ಬಾಯಿಗೆ ಬರುತ್ತದೆ. ಇದು ಹೊಸ ಮಾತಲ್ಲ. ವಸ್ತುಗಳು ತಮ್ಮ ಪಾಡಿಗೆ ತಾವು ಹುಟ್ಟುತ್ತವೆ, ಕಾರಣ ಬೇಕಿಲ್ಲ ಎಂದು ವಾದಿಸಿದವರು ಪ್ರಾಚೀನ ಭಾರತದಲ್ಲೂ ಇದ್ದರು. ಅವರಿಗೆ ಉತ್ತರ ಕೊಟ್ಟವನು ಮಿಥಿಲೆಯ ಉದಯನ, ಸುಮಾರು ಸಾವಿರ ವರ್ಷದ ಹಿಂದೆ, ತನ್ನ ನ್ಯಾಯಕುಸುಮಾಂಜಲಿಯಲ್ಲಿ. ಅವನ ಉತ್ತರದ ತಿರುಳು ಇದು: ಕಾರಣವೇ ಬೇಡದ ವಸ್ತು ಒಂದೋ ಯಾವಾಗಲೂ ಇರಬೇಕು, ಇಲ್ಲವೇ ಎಂದೂ ಇರಬಾರದು. ಒಮ್ಮೆ ಇದ್ದು ಇನ್ನೊಮ್ಮೆ ಇಲ್ಲವಾಗುತ್ತದೆ ಎಂದರೆ ಅದು ಬೇರೆ ಯಾವುದನ್ನೋ ಅವಲಂಬಿಸಿದೆ. ಅಂದರೆ ಜನ ಯಾವುದನ್ನು ಕಾರಣವಿಲ್ಲದ್ದರ ಗುರುತು ಎಂದುಕೊಳ್ಳುತ್ತಾರೋ ಅದನ್ನೇ ಉದಯನ ಕಾರಣವಿದೆ ಎಂಬುದರ ಗುರುತಾಗಿ ತಿರುಗಿಸಿ ತೋರಿಸಿದ. ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ಆಫ್ ಆಗುವ ಕಂಪ್ಯೂಟರ್ ಮಧ್ಯಾಹ್ನ ಮಾತ್ರ ಆಫ್ ಆಗುವುದರಿಂದಲೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಫ್ಯಾನಿಗೆ ಧೂಳು ಮೆತ್ತಿಕೊಂಡಿದೆ, ಪ್ರೊಸೆಸರ್ ಶಾಖ 100 ಡಿಗ್ರಿಯ ಆಸುಪಾಸಿಗೆ ಏರಿದೆ, ಸುಟ್ಟುಹೋಗದಿರಲು ಅದು ತಾನೇ ಆಫ್ ಆಗಿದೆ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಉದಯನ ನಾಸ್ತಿಕನಲ್ಲ. ನ್ಯಾಯಕುಸುಮಾಂಜಲಿ ದೇವರಿದ್ದಾನೆ ಎಂದು ಸಾಧಿಸಲು ಬರೆದ ಗ್ರಂಥ. ಆ ಸಾಧನೆಯ ಮೊದಲ ಕಲ್ಲೇ ಕಾರ್ಯಕ್ಕೆ ಕಾರಣ ಇದ್ದೇ ಇದೆ ಎಂಬುದು. ಆ ಕಲ್ಲನ್ನು ಸಡಿಲಿಸಿದರೆ ಅವನ ದೇವಾಲಯವೂ ನಿಲ್ಲದು. ಹಾಗಾಗಿ ಹ್ಯಾಂಗ್ ಆದ ಕಂಪ್ಯೂಟರ್ ಮುಂದೆ ‘ಎಲ್ಲ ದೇವರಿಚ್ಛೆ’ ಎಂದು ಕೈಕಟ್ಟಿ ಕೂರುವುದು ಭಕ್ತಿಯ ಲಕ್ಷಣ ಎಂದು ಒಪ್ಪಲಾಗದು. ಕಾರಣವನ್ನು ಸಂಶಯಿಸುವವರನ್ನು ಉದಯನ ಇನ್ನೊಂದು ರೀತಿಯಲ್ಲೂ ಹಿಡಿಯುತ್ತಾನೆ: ಸಂಶಯಕ್ಕೂ ಒಂದು ಮಿತಿಯಿದೆ, ನಮ್ಮ ನಡವಳಿಕೆಗೇ ವಿರುದ್ಧವಾದಾಗ ಅದು ನಿಲ್ಲಬೇಕು. ಕಾರಣ ಎಂಬುದಿಲ್ಲ ಎನ್ನುವವನೂ ಹಸಿದಾಗ ಅನ್ನಕ್ಕೇ ಕೈ ಹಾಕುತ್ತಾನೆ. ಕಂಪ್ಯೂಟರ್ ತನ್ನಿಷ್ಟದಂತೆ ಓಡುತ್ತದೆ ಎನ್ನುವವರ ಬೆರಳೂ ಪವರ್ ಬಟನ್ನಿನ ಮೇಲೆಯೇ ಇರುತ್ತದೆ.

ಕಠೋಪನಿಷತ್ತಿನ ನಚಿಕೇತನ ಕಥೆಯನ್ನು ಈ ಬೆಳಕಿನಲ್ಲಿ ಓದಬಹುದು. ತಂದೆ ಬಡಕಲು ಹಸುಗಳನ್ನು ದಾನ ಕೊಡುತ್ತಿರುವುದನ್ನು ಕಂಡಾಗ ಹುಡುಗನೊಳಗೆ ಶ್ರದ್ಧೆ ಹೊಕ್ಕಿತು ಎಂದು ಉಪನಿಷತ್ತು ಹೇಳುತ್ತದೆ. ಶ್ರದ್ಧೆ ಹೊಕ್ಕ ಹುಡುಗ ಕಣ್ಣುಮುಚ್ಚಿ ಕೈಮುಗಿಯಲಿಲ್ಲ, ತಂದೆಗೆ ಪ್ರಶ್ನೆ ಹಾಕಿದ. ಉತ್ತರ ಸಿಗುವವರೆಗೆ ಮತ್ತೆ ಕೇಳಿದ, ಯಮನ ಬಾಗಿಲವರೆಗೂ ಹೋಗಿ ಕೇಳಿದ. ಉತ್ತರ ಇದೆ ಎಂಬ ಭರವಸೆಯಿಲ್ಲದವನು ಅಷ್ಟು ದೂರ ನಡೆಯುವುದಿಲ್ಲ. ನೈಸ್ಲಿ ತಿಂಗಳುಗಟ್ಟಲೆ ಹುಡುಕಿದ್ದರ ಹಿಂದೆಯೂ ಇದ್ದುದು ಈ ಬಗೆಯ ಶ್ರದ್ಧೆ. ಕಾರಣ ಇದೆ ಎಂಬುದನ್ನು ಅವರು ಮೊದಲು ನಂಬಿದರು, ಕಂಡದ್ದು ಆಮೇಲೆ.

ಹುಡುಕಿಯೂ ಸಿಗದ ಕಾರಣಗಳಿಗೆ ವೈಶೇಷಿಕ ದರ್ಶನದವರು ಅದೃಷ್ಟ, ಅಂದರೆ ಕಣ್ಣಿಗೆ ಕಾಣದ್ದು, ಎಂಬ ಒಂದು ಖಾತೆ ತೆರೆದಿದ್ದರು. ಅಯಸ್ಕಾಂತದ ಕಡೆಗೆ ಸೂಜಿ ಸರಿಯುವುದನ್ನೂ ಬೆಂಕಿಯ ಜ್ವಾಲೆ ಮೇಲಕ್ಕೇ ಏಳುವುದನ್ನೂ ಅವರು ಅದರಲ್ಲಿ ಬರೆದರು. ಪ್ರಾಮಾಣಿಕವಾದ ಕ್ರಮ ಇದು, ಮುಂದೆ ಯಾರಾದರೂ ಬಂದು ಆ ಖಾತೆಯಿಂದ ಒಂದೊಂದೇ ಬಾಬ್ತನ್ನು ಹೊರತೆಗೆಯಬಹುದು. ಕಂಪ್ಯೂಟರ್ ಲೋಕದಲ್ಲೂ ಅಂಥ ಬಾಬ್ತುಗಳಿವೆ. 2003ರ ಮೇ 18ರಂದು ಬೆಲ್ಜಿಯಂನ ಸ್ಕಾರ್‌ಬೆಕ್‌ನಲ್ಲಿ ಎಲೆಕ್ಟ್ರಾನಿಕ್ ಮತದಾನ ನಡೆದಾಗ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದವು. ಮರುಎಣಿಕೆಯಲ್ಲಿ ಸಿಕ್ಕ ವ್ಯತ್ಯಾಸ ಸರಿಯಾಗಿ 4096. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು, ಅಂದರೆ ಮೆಮೊರಿಯಲ್ಲಿ ಒಂದೇ ಒಂದು ಸೊನ್ನೆ ಒಂದಾಗಿತ್ತು. ಪ್ರೋಗ್ರಾಮಿನಲ್ಲಿ ತಪ್ಪು ಸಿಗಲಿಲ್ಲ. ಬಾಹ್ಯಾಕಾಶದಿಂದ ಬಂದ ಕಣವೊಂದು ತಾಗಿರಬಹುದು ಎಂಬುದು ತಜ್ಞರ ಊಹೆ. ಇಲ್ಲಿ ಯಾರೂ ಖಚಿತವಾಗಿ ಹೇಳಲಾರರು, ಆದರೂ 4096 ಎಂಬ ಸಂಖ್ಯೆ ತನ್ನ ಕಾರಣದ ಹೆಜ್ಜೆಗುರುತನ್ನು ಬಿಟ್ಟೇ ಹೋಗಿದೆ.

ಹಾಗಿದ್ದರೆ ಮಹಾನವಮಿಯ ದಿನ ಮಾನಿಟರಿಗೆ ಕುಂಕುಮವಿಟ್ಟು ಸೇವಂತಿಗೆ ಮುಡಿಸುವುದು? ಕರ್ನಾಟಕದ ಆಫೀಸುಗಳಲ್ಲಿ ಆಯುಧಪೂಜೆಗೆ ಕಂಪ್ಯೂಟರನ್ನು ಬಿಡುವವರು ಕಡಿಮೆ. ಇದನ್ನು ಮೌಢ್ಯ ಎಂದು ಹಳಿಯುವವರಿದ್ದಾರೆ. ಅವರ ಮಾತನ್ನು ಒಪ್ಪುವುದು ಕಷ್ಟ. ಪೂಜೆ ಅನ್ನ ಕೊಡುವ ಸಾಧನಕ್ಕೆ ಸಲ್ಲಿಸುವ ಕೃತಜ್ಞತೆ, ಅದು ಯಂತ್ರ ಏಕೆ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಕೊಡಲು ಹೊರಟಿಲ್ಲ. ಮೇಲಾಗಿ ಹಬ್ಬದ ಹಿಂದಿನ ದಿನ ವರ್ಷವಿಡೀ ಮುಟ್ಟದ ಯಂತ್ರಗಳ ಧೂಳು ಹೊಡೆಯುತ್ತಾರೆ, ಮೇಜಿನ ಕೆಳಗಿನ ವೈರುಗಳನ್ನು ಬಿಡಿಸಿ ಒರೆಸುತ್ತಾರೆ. ರಾಯಚೂರಿನ ಫ್ಯಾನಿಗೆ ಬೇಕಾದದ್ದೂ ಅಷ್ಟೇ. ತೊಂದರೆ ಬರುವುದು ಪೂಜೆ ಪ್ರಶ್ನೆಯ ಜಾಗದಲ್ಲಿ ಕೂತಾಗ.

ಆ ಜಾಗದಲ್ಲಿ ಇಂದು ಪೂಜೆಗಿಂತ ಹೆಚ್ಚಾಗಿ ಕೂತಿರುವುದು ಬೇರೆಯದೇ ಒಂದು ಮಾತು: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ನಾಡಕಚೇರಿ, ಬ್ಯಾಂಕು, ನ್ಯಾಯಬೆಲೆ ಅಂಗಡಿಗಳ ಕಿಟಕಿಯಲ್ಲಿ ಇದನ್ನು ಕೇಳದವರಿಲ್ಲ. ಹಳೆಯ ಕಾಲದವರು ವಿಧಿ ಎಂದಾಗ ಸುಮ್ಮನಾದಂತೆ ಜನ ಇದಕ್ಕೂ ಸುಮ್ಮನಾಗುತ್ತಾರೆ. ವಿಧಿಯನ್ನು ಒಪ್ಪಿದ ಯಾಜ್ಞವಲ್ಕ್ಯಸ್ಮೃತಿ ಕೂಡ ದೈವ ಒಂದರಿಂದಲೇ ಕೆಲಸ ಆಗದು, ಒಂಟಿ ಗಾಲಿಯ ರಥ ಓಡದು ಎಂದು ಪುರುಷಪ್ರಯತ್ನಕ್ಕೆ ಜಾಗ ಬಿಟ್ಟಿತ್ತು. ಸರ್ವರ್ ಎಂಬ ವಿಧಿಯ ಮುಂದೆ ಪ್ರಯತ್ನಕ್ಕೆ ಜಾಗವೇ ಕಾಣದು, ಏಕೆಂದರೆ ಏನು ಕೆಟ್ಟಿದೆ ಎಂದು ಕೇಳುವ ಹಕ್ಕು ತಮಗಿದೆ ಎಂಬುದೇ ಕಿಟಕಿಯ ಹೊರಗೆ ನಿಂತವರಿಗೆ ಗೊತ್ತಿರುವುದಿಲ್ಲ.

ಅದಕ್ಕಿಂತ ನೋವಿನದು ಹೆಬ್ಬೆಟ್ಟಿನ ಯಂತ್ರದ ಮುಂದೆ ನಡೆಯುತ್ತದೆ. ಮಲೆನಾಡಿನಲ್ಲಿ ವರ್ಷಗಟ್ಟಲೆ ಅಡಿಕೆ ಸುಲಿದ ಅಜ್ಜಿ ರೇಷನ್ನಿಗೆ ಬಂದು ಬೆರಳು ಒತ್ತುತ್ತಾಳೆ. ‘ಬರ್ತಾ ಇಲ್ಲ ಅಜ್ಜಿ’ ಎನ್ನುತ್ತಾರೆ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಮತ್ತೆ ಕೆಂಪು ದೀಪ. ತನ್ನ ಬೆರಳೇ ಸರಿಯಿಲ್ಲ, ತನ್ನ ಹಣೆಬರಹವೇ ಇಷ್ಟು ಎಂದು ಅವಳು ತಿಳಿಯುತ್ತಾಳೆ. ನಿಜವಾದ ಕಾರಣ ಬೇರೆ ಕಡೆಯಿದೆ. ಕೆಲಸ ಮಾಡಿ ಸವೆದ ಬೆರಳಿನ ಗೆರೆಗಳನ್ನು, ವಯಸ್ಸಾಗಿ ಒಣಗಿದ ಚರ್ಮವನ್ನು ಆ ಪುಟ್ಟ ಗಾಜು ಸರಿಯಾಗಿ ಓದಲಾರದು. ಅಂಥವರ ಬೆರಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ವ್ಯವಸ್ಥೆಯನ್ನು ಕಟ್ಟಲಾಗಿದೆ. ಪೂರ್ವಕರ್ಮದ ಮಾತು ಇಲ್ಲಿ ಬಂದರೆ ಅದು ಧರ್ಮಕ್ಕೂ ಮಾಡುವ ಅಪಚಾರ, ಅಜ್ಜಿಗೂ ಮಾಡುವ ಅನ್ಯಾಯ. ಎಸ್.ಪಿ. ರಸ್ತೆಯ ಹುಡುಗ ಮಾಡುವುದನ್ನು ಇಲ್ಲೂ ಮಾಡಬಹುದು. ಬೆರಳು ಒರೆಸಿ ನೋಡುವುದು, ಬೇರೆ ಬೆರಳು ಇಡಿಸುವುದು, ಅದೇ ಯಂತ್ರದಲ್ಲಿ ಇನ್ನೊಬ್ಬರ ಬೆರಳು ಬರುತ್ತದೆಯೇ ಎಂದು ಪರೀಕ್ಷಿಸುವುದು, ಕಣ್ಣಿನ ಪಾಪೆಯ ಯಂತ್ರವಿದ್ದರೆ ಅದು, ಮೊಬೈಲಿಗೆ ಬರುವ ಒಟಿಪಿ ಇದ್ದರೆ ಅದು. ಯಾವುದೂ ಆಗದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಅಳೆದುಕೊಡುವುದು. ಯಂತ್ರದ ತೊಂದರೆಗಾಗಿ ಯಾರಿಗೂ ಧಾನ್ಯ ನಿರಾಕರಿಸಬಾರದು ಎಂದು 2017ರಲ್ಲಿ ಕೇಂದ್ರ ಸರ್ಕಾರವೇ ರಾಜ್ಯಗಳಿಗೆ ಸೂಚಿಸಿದೆ. ಆ ಪುಸ್ತಕ ಯಾವ ಅಂಗಡಿಯಲ್ಲಿದೆ, ಅದರಲ್ಲಿ ಎಷ್ಟು ಹೆಸರುಗಳು ಸೇರಿವೆ ಎಂದು ಊರಿನವರು ಗ್ರಾಮಸಭೆಯಲ್ಲಿ ಕೇಳಬಹುದು.